ಉಪ್ಪಿನ ಇನ್ಸ್‌ಪೆಕ್ಟರಮ್ಮನ ಡಬ್ಬಿಗಳು

ಪರರ ಸಾರಿನ ಉಪ್ಪು ಅಳೆಯಲು ಹೊರಡುವವಳು ಮೊದಲು ತನ್ನ ಬುರುಡೆಯೊಳಗೆ ಏನಿದೆಯೆಂದು ಅಳೆದುಕೊಳ್ಳಬೇಕು ಎಂದು ದೊಕ್ಸಿಮ್ ಈಗ ಯಾರು ಕೇಳಿದರೂ ಹೇಳುತ್ತಾಳೆ. ಕೇಳದಿದ್ದರೂ ಹೇಳುತ್ತಾಳೆ. ತನ್ನ ಪೆದ್ದುತನದ ಕಥೆಯನ್ನು ಇಷ್ಟು ಹೆಮ್ಮೆಯಿಂದ ಸಾರಿಕೊಂಡು ಬರುವ ಹೆಂಗಸು ಬೂಸಾನಿನ ಬೆಟ್ಟದ ಓಣಿಗಳಲ್ಲಿ ಇನ್ನೊಬ್ಬಳಿಲ್ಲ. ನಮ್ಮ ಮೆಟ್ಟಿಲೋಣಿಯವರು ಹೇಳಿದರೆ ಆ ಕಥೆ ಇನ್ನೂ ಕೆಟ್ಟದಾಗಿರುತ್ತದೆ. ಅದಕ್ಕಿಂತ ತಾನೇ ಮೊದಲು ಹೇಳಿಬಿಡುವುದು ಮೇಲು ಎಂಬ ಜಾಣತನವೂ ಅದರಲ್ಲಿದೆ.

ಹುಟ್ಟಿದ್ದು ಇದೇ ಓಣಿಯಲ್ಲಿ. ಕೊರಿಯಾ ಯುದ್ಧದಲ್ಲಿ ಓಡಿಬಂದವರು ಹಲಗೆ, ತಗಡು ಸಿಕ್ಕಿದ್ದನ್ನೆಲ್ಲ ಜೋಡಿಸಿ ಬೆಟ್ಟಕ್ಕೆ ಅಂಟಿಸಿದ ಮನೆಗಳು ಇವು. ಈಗ ಸಿಮೆಂಟು ಬಂದಿದೆ, ಬಣ್ಣ ಬಂದಿದೆ, ಆದರೆ ಕೆಳಗಿನ ಸಂತೆಗೆ ಇನ್ನೂರ ಹನ್ನೆರಡು ಮೆಟ್ಟಿಲು ಇಳಿಯುವುದು ತಪ್ಪಿಲ್ಲ. ದೊಕ್ಸಿಮ್ ಆ ಮೆಟ್ಟಿಲನ್ನು ಇಪ್ಪತ್ತೇಳು ವರ್ಷ ಬೆಳಗಿನ ಆರೂವರೆಗೆ ಇಳಿದು ಶಾಲೆಯೊಂದರ ಅಡುಗೆಮನೆಗೆ ಹೋದಳು. ಕಡೆಯ ಹನ್ನೊಂದು ವರ್ಷ ಅವಳೇ ಅಲ್ಲಿನ ಮುಖ್ಯ ಅಡುಗೆಯವಳು. ದಿನಕ್ಕೆ ಎಂಟುನೂರು ತಟ್ಟೆ. ಊಟ ಮುಗಿಸಿದ ಮಕ್ಕಳು ಸ್ಟೀಲ್ ತಟ್ಟೆ ವಾಪಸ್ ಕೊಡುವ ಕಿಟಕಿಯ ಬಳಿ ಅವಳು ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಿದ್ದಳು. ಬಸಳೆ ಬಿಟ್ಟವನಿಗೆ ಕೆಂಗಣ್ಣು. ನೆಕ್ಕಿದ ಹಾಗೆ ಖಾಲಿ ಮಾಡಿ ತಂದವನಿಗೆ "ಶಭಾಷ್!", ಮೇಲೆ ಬೇಕಾದರೆ ಇನ್ನೊಂದು ಸೌಟು. ಖಾಲಿ ತಟ್ಟೆಗಿಂತ ದೊಡ್ಡ ಪ್ರಶಸ್ತಿ ಲೋಕದಲ್ಲಿ ಇಲ್ಲವೆಂದು ಅವಳು ನಂಬಿದ್ದಳು.

ಅರವತ್ತಕ್ಕೆ ನಿವೃತ್ತಿಯಾದಾಗ ಅವಳಿಗೆ ಸಿಕ್ಕಿದ್ದು ಮೂರು: ಮೇಲೆತ್ತಲಾಗದ ಬಲಭುಜ, ಚೌಕಟ್ಟು ಹಾಕಿಸಿದ ಒಂದು ಕಾಗದ, ಮತ್ತು ಕಿರಿಯ ಅಡುಗೆಯವರೆಲ್ಲ ಸೇರಿ ಕೊಟ್ಟ ಉಪ್ಪಿನ ಮೀಟರ್. ಪೆನ್ನಿನಷ್ಟು ಉದ್ದದ ಯಂತ್ರ, ಸಾರಿಗೆ ಅದ್ದಿದರೆ ಉಪ್ಪು ನೂರಕ್ಕೆ ಎಷ್ಟೆಂದು ಅಂಕಿ ತೋರಿಸುತ್ತದೆ. ಶಾಲೆಯಲ್ಲಿ ಪಾಯಿಂಟ್ ಆರು ದಾಟುವಂತಿರಲಿಲ್ಲ. ಅದನ್ನು ಅವಳು ಕತ್ತಿಗೆ ಹಾಕಿಕೊಂಡು ತಿರುಗಿದಳು. ಯಾರ ಮನೆಗೆ ಹೋದರೂ ಕೂರುವ ಮೊದಲು ಪಾತ್ರೆಯ ಮುಚ್ಚಳ ತೆಗೆದು ಅದ್ದುವುದು, ತುಟಿ ಕಚ್ಚುವುದು, ತಲೆ ಆಡಿಸುವುದು. ಜನ ಅವಳನ್ನು ಕಂಡರೆ ಸಾರಿನ ಪಾತ್ರೆ ಬಚ್ಚಿಡಲು ಕಲಿತರು. ಮೇಲಿನ ಮನೆಯ ಪಾಂದೊಲ್ ತಾತ, ಹಡಗಿನಲ್ಲಿ ಮೂವತ್ತು ವರ್ಷ ಮೀನು ಹಿಡಿದು ಈಗ ಒಂಟಿಯಾಗಿರುವ ಎಪ್ಪತ್ತೊಂಬತ್ತರ ಮುದುಕ, ಅವಳಿಗೆ 'ಉಪ್ಪಿನ ಇನ್ಸ್‌ಪೆಕ್ಟರ್' ಎಂದು ಹೆಸರಿಟ್ಟ.

ನಗುವ ಮಾತಲ್ಲದ ಒಂದು ಕಾರಣವೂ ಇತ್ತು. ಎಂಟುನೂರು ಮಕ್ಕಳಿಗೆ ಅಳೆದು ಅಳೆದು ಬಡಿಸಿ ಮನೆಗೆ ಬರುವಷ್ಟರಲ್ಲಿ ಭುಜ ಬಿದ್ದುಹೋಗಿರುತ್ತಿತ್ತು. ಗಂಡನಿಗೆ ಪೊಟ್ಟಣದ ನೂಡಲ್ಸೇ ಗತಿ. ಪಾಪ, ಆ ಮನುಷ್ಯ ಒಂದು ದಿನವೂ ಗೊಣಗದೆ ಅದರ ಉಪ್ಪು ನೀರನ್ನೂ ಕುಡಿದು ಮುಗಿಸುತ್ತಿದ್ದ. ಐವತ್ತೈದಕ್ಕೆ ಮಿದುಳಿನ ನರ ಒಡೆದು ಹೋದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಯಾರೂ ಅವಳ ಎದುರಿಗೆ ಅನ್ನಲಿಲ್ಲ. ಅವಳೇ ಅಂದುಕೊಂಡಳು, ಈಗಲೂ ಅಂದುಕೊಳ್ಳುತ್ತಾಳೆ.

ಅವಳು ನಿವೃತ್ತಳಾದ ವರ್ಷವೇ ಮೆಟ್ಟಿಲ ನಡುವೆ ಇದ್ದ ಒಂದೇ ಒಂದು ತರಕಾರಿ ಅಂಗಡಿ ಮುಚ್ಚಿತು. ಅಂಗಡಿಯವನು ಮಂಡಿ ನೋವೆಂದು ಮಗಳ ಮನೆಗೆ ಹೋದ. ಅವನಿಗಿಂತ ಮಂಡಿ ಸವೆದವರೆಲ್ಲ ಮೇಲೆಯೇ ಉಳಿದರು. ತಿಂಗಳಿಗೆ ಒಮ್ಮೆ ಯಾರಾದರೂ ಕೆಳಗಿನಿಂದ ನೂಡಲ್ಸಿನ ಪೆಟ್ಟಿಗೆ ಹೊತ್ತು ತಂದುಕೊಟ್ಟರೆ ಅದೇ ಊಟ; ಇಲ್ಲವಾದರೆ ಅನ್ನಕ್ಕೆ ನೀರು ಸುರಿದು ಉಪ್ಪುಮೀನು ನಂಚಿಕೊಳ್ಳುವುದು. ಹಸಿರು ಎಲೆ ಕಂಡು ವಾರಗಳಾದ ಮನೆಗಳು ಒಂಬತ್ತಿದ್ದವು. ದೊಕ್ಸಿಮ್ ಎಣಿಸಿದಳು. ಎಣಿಸಿದ ದಿನವೇ ಅವಳ ತಲೆಗೆ ಕೊಂಬು ಮೂಡಿತು.

ಸಂತೆ ಮುಚ್ಚುವ ಹೊತ್ತಿಗೆ ಹೋದರೆ ಮಾರಾಟವಾಗದ ಸೊಪ್ಪು, ಮೂಲಂಗಿ, ಎಲೆಕೋಸು ಮೂರು ಕಾಸಿಗೆ ಸಿಗುತ್ತಿತ್ತು. ಅದನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿ, ಬುಧವಾರ ಮತ್ತು ಶನಿವಾರ ಬೇಯಿಸಿ, ನೀಲಿ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ, ಮನೆಮನೆಗೆ ಹಂಚತೊಡಗಿದಳು. ಎರಡು ಡಬ್ಬಿ ಪಲ್ಯ, ಒಂದು ಡಬ್ಬಿ ಸಾರು. ಎಲ್ಲದರಲ್ಲೂ ಉಪ್ಪು ಪಾಯಿಂಟ್ ಆರು, ಕೂದಲೆಳೆಯಷ್ಟೂ ಹೆಚ್ಚಿಲ್ಲ.

"ಇದೇನೇ ಇದು, ಪಾತ್ರೆ ತೊಳೆದ ನೀರಾ?" ಎಂದು ಪಾಂದೊಲ್ ತಾತ ಮೊದಲ ದಿನವೇ ಕೇಳಿದ.

"ಅಣ್ಣಾ, ಇದು ರಕ್ತದೊತ್ತಡಕ್ಕೆ ಒಳ್ಳೇದು."

"ನನಗೆ ಒತ್ತಡ ಬರೋದೇ ಇದನ್ನ ತಿಂದಾಗ ಕಣಮ್ಮ."

ಆದರೂ ಕಿಸೆಗೆ ಕೈ ಹಾಕಿ ಒಂದೆರಡು ಸಾವಿರ ವಾನ್ ನೋಟು ಮುಂದೆ ಹಿಡಿದ. ದೊಕ್ಸಿಮ್ ಎರಡು ಹೆಜ್ಜೆ ಹಿಂದೆ ಸರಿದು, ಎದೆಯ ಮೇಲೆ ಕೈಯಿಟ್ಟು, "ಛೇ ಛೇ, ದುಡ್ಡಾ? ನಮ್ಮ ನಮ್ಮಲ್ಲಿ ದುಡ್ಡಿನ ಮಾತು ಬೇಡ" ಎಂದಳು. ಆ ಕ್ಷಣದಲ್ಲಿ ತನ್ನ ಮುಖದ ಮೇಲೆ ಎಂಥ ಕಳೆ ಇತ್ತೆಂಬುದು ಅವಳಿಗೆ ಚೆನ್ನಾಗಿ ನೆನಪಿದೆ. ಯಾರಾದರೂ ಫೋಟೋ ತೆಗೆಯಲಿ ಎಂದು ನಿಂತವಳ ಕಳೆ. ಒಂಬತ್ತು ಮನೆಯವರೂ ದುಡ್ಡು ಚಾಚಿದರು, ಒಂಬತ್ತು ಮನೆಯಲ್ಲೂ ಅವಳು ಎದೆಯ ಮೇಲೆ ಕೈಯಿಟ್ಟಳು.

ಡಬ್ಬಿಗಳು ವಾಪಸ್ ಬಂದವು, ತುಂಬಿಕೊಂಡು. ಒಂದರಲ್ಲಿ ಬೇಯಿಸಿದ ಗೆಣಸು, ಒಂದರಲ್ಲಿ ನಾಲ್ಕು ಕಿತ್ತಳೆ, ಇನ್ನೊಂದರಲ್ಲಿ ಮೊಟ್ಟೆ, ಅಕ್ಕಿ ಕಡುಬು, ಒಣಮೀನು. ನನ್ನನ್ನು ಜನ ಎಷ್ಟು ಪ್ರೀತಿಸುತ್ತಾರಪ್ಪಾ ಎಂದು ದೊಕ್ಸಿಮ್ ಹಿಗ್ಗಿದಳು. ಆ ಹಿಗ್ಗಿನಲ್ಲೇ ಒಣಮೀನನ್ನು ನೀರಿಗೆ ಹಾಕಿ ಮೀಟರ್ ಅದ್ದಿ, ಅಂಕಿ ನೋಡಿ, ಕೊಟ್ಟವರ ಮನೆಗೆ ಹೋಗಿ ಬುದ್ಧಿ ಹೇಳಿಯೂ ಬಂದಳು.

ಪಾಂದೊಲ್ ತಾತನ ಡಬ್ಬಿಯಲ್ಲಿ ಹಂದಿಮಾಂಸದ ಒಂದು ತಗಡಿನ ಡಬ್ಬ ಬಂತು. ಚುಸೋಕ್ ಸುಗ್ಗಿ ಹಬ್ಬಕ್ಕೆ ಯಾರೋ ಯಾರಿಗೋ ಕೊಟ್ಟಿದ್ದು, ಮೂಲೆ ನೆಗ್ಗಿತ್ತು. ಉಪ್ಪಿನ ಗಣಿ ಅದು. ದೊಕ್ಸಿಮ್ ಅದನ್ನು ಮೂಲೆಮನೆಯ ಅಜ್ಜಿಗೆ ಕೊಟ್ಟು, "ನೀವು ಮುಟ್ಟಬೇಡಿ, ಮೊಮ್ಮಗ ಬಂದರೆ ಹುರಿದುಕೊಡಿ" ಎಂದಳು. ಎರಡು ವಾರ ಕಳೆದ ಮೇಲೆ ಬೇರೊಂದು ಮನೆಯ ಡಬ್ಬಿಯಲ್ಲಿ ಮೂಲೆ ನೆಗ್ಗಿದ ಹಂದಿಮಾಂಸದ ಡಬ್ಬ ಬಂತು. ಕಾರ್ಖಾನೆಯಲ್ಲೇ ಏನೋ ದೋಷವಿರಬೇಕು, ಎಲ್ಲ ಡಬ್ಬಗಳೂ ಒಂದೇ ಕಡೆ ನೆಗ್ಗುತ್ತಿವೆ ಎಂದುಕೊಂಡಳು. ಎಂಟುನೂರು ಜನಕ್ಕೆ ಅಡುಗೆ ಮಾಡಿದ ತಲೆ ಅದು! ಮತ್ತೆ ಯಾರಿಗೋ ದಾಟಿಸಿದಳು. ಮೂರನೆಯ ಸಲ ಆ ಡಬ್ಬ ಮಲ್ಸುನಜ್ಜಿಯ ಮನೆಯಿಂದ ಬಂತು.

ಮಲ್ಸುನಜ್ಜಿ ದೊಕ್ಸಿಮ್‌ಳ ಅಮ್ಮನ ಗೆಳತಿ. ಇಬ್ಬರೂ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಇದೇ ಮೆಟ್ಟಿಲು ಹತ್ತಿ ಇಳಿದವರು. ದೊಕ್ಸಿಮ್ ಹುಟ್ಟಿದಾಗ ಬಾಣಂತಿಗೆ ಕಡಲಪಾಚಿಯ ಸಾರು ಮಾಡಿ ಇಪ್ಪತ್ತೊಂದು ದಿನ ಉಣಿಸಿದವಳು. ಈಗ ಎಂಬತ್ತನಾಲ್ಕು, ಮೂವತ್ತು ಮೆಟ್ಟಿಲು ಮೇಲೆ ಒಂಟಿ. ದೊಕ್ಸಿಮ್‌ಗೆ ದೊಡ್ಡಮ್ಮ ಎಂದು ಕರೆಯುವುದಕ್ಕೆ ಉಳಿದಿದ್ದ ಕೊನೆಯ ಜೀವ. ಆ ಅಜ್ಜಿ ದಿನದಿನಕ್ಕೆ ಸೊರಗಿ ಇಳಿದುಹೋಗುತ್ತಿದ್ದಳು. ಕೋಟಿನ ತೋಳಿನಲ್ಲಿ ಕೈಯೇ ಇಲ್ಲವೇನೋ ಎಂಬಂತೆ ಬಟ್ಟೆ ಜೋಲುತ್ತಿತ್ತು. ವಾರಕ್ಕೆರಡು ಸಲ ಊಟ ಕೊಟ್ಟರೂ ಹೀಗೇಕೆ? ದೊಕ್ಸಿಮ್ ಯೋಚಿಸಿದಳು, ತಾನು ಕೊಡುವುದು ಸಾಲುತ್ತಿಲ್ಲ ಎಂದು ತೀರ್ಮಾನಿಸಿದಳು, ಮೂರು ಡಬ್ಬಿಯನ್ನು ಐದು ಮಾಡಿದಳು. ಅಜ್ಜಿ ಇನ್ನಷ್ಟು ಇಳಿದಳು. ಡಬ್ಬಿಗಳು ವಾಪಸ್ ಬರುವುದೂ ನಿಂತಿತು.

ಒಂದು ಶನಿವಾರ ಮಧ್ಯಾಹ್ನ ದೊಕ್ಸಿಮ್ ಐದು ಡಬ್ಬಿ ಹಿಡಿದು ಹೋದಾಗ ಅಜ್ಜಿ ಬಾಗಿಲನ್ನು ಗೇಣಷ್ಟೇ ತೆರೆದಳು.

"ಇವತ್ತು ಬೇಡ ಕಣೇ ದೊಕ್ಸಿಮಾ. ನೆಂಟರು ಬಂದಿದ್ದಾರೆ. ಮನೆ ತುಂಬ ಅಡುಗೆ."

ಹೊಸ್ತಿಲ ಬಳಿ ಇದ್ದದ್ದು ಒಂದೇ ಜೊತೆ ರಬ್ಬರ್ ಚಪ್ಪಲಿ. ಯಾವ ನೆಂಟರು ಚಪ್ಪಲಿ ಸಮೇತ ಕೋಣೆಗೆ ಹೋಗುತ್ತಾರೆ? ದೊಕ್ಸಿಮ್ ಬಾಗಿಲು ತಳ್ಳಿ ಒಳಗೆ ಹೋದಳು. ಪುಟ್ಟ ಮೇಜಿನ ಮೇಲೆ ನೀರು ಹಾಕಿದ ಅನ್ನ, ಸೋಯಾರಸದ ಒಂದು ಬಟ್ಟಲು, ಬೇರೆ ಏನೂ ಇಲ್ಲ. ಕಿಟಕಿಯ ಕೆಳಗೆ ಬಿಳಿ ಬಟ್ಟೆ ಹಾಸಿ, ಹದಿನಾಲ್ಕು ಡಬ್ಬಿಗಳನ್ನು ತೊಳೆದು ಬೋರಲು ಹಾಕಿತ್ತು. ಫ್ರಿಜ್ ತೆಗೆದರೆ ಈಚಿನ ಬುಧವಾರದ ಐದು ಡಬ್ಬಿಗಳು ಮುಚ್ಚಳವನ್ನೂ ತೆಗೆಯದೆ ಕೂತಿದ್ದವು. ಒಳಗೆ ಸೊಪ್ಪು ಹಳಸಿ ಲೋಳೆಯಾಗತೊಡಗಿತ್ತು.

"ದೊಡ್ಡಮ್ಮ, ಏನಿದು? ಮುಟ್ಟೇ ಇಲ್ವಲ್ಲ! ಅಷ್ಟೊಂದು ಸಪ್ಪೆ ಅನ್ನಿಸ್ತಾ?"

"ಸಪ್ಪೆ ಏನೋ ಹೌದು. ಅದಕ್ಕಲ್ಲ ಬಿಡು."

"ಮತ್ತೆ?"

"ತಿಂದ ಮೇಲೆ ಡಬ್ಬಿ ತುಂಬಿಸಬೇಕಲ್ಲೇ."

"ಯಾರು ಹೇಳಿದ್ರು ತುಂಬಿಸಿ ಅಂತ?"

ಅಜ್ಜಿ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಯಾರು ಹೇಳಬೇಕು? ನಿಮ್ಮಮ್ಮ ನಿಂಗೆ ಏನೂ ಹೇಳಿಕೊಡಲಿಲ್ವಾ? ಮನೆಗೆ ಬಂದ ಬೋಗುಣೀನ ಬರಿದಾಗಿ ಕಳಿಸೋಕೆ ನಾನೇನು ಗತಿಗೆಟ್ಟೋಳಾ? ದುಡ್ಡು ಕೊಟ್ರೆ ಎದೆ ಮೇಲೆ ಕೈ ಇಟ್ಕೊಂಡು ನಾಟಕ ಆಡ್ತೀಯ. ಮೊದಲು ಮೂರು ಡಬ್ಬಿ ಇತ್ತು. ಹೆಂಗೋ ಕುಂಡೆ ಊರ್ಕೊಂಡು ಮೆಟ್ಟಿಲು ಇಳಿದು ಮೊಟ್ಟೆ, ಕಿತ್ತಳೆ ತಂದು ತುಂಬಿಸಿದೆ. ನನಗೆ ಅಂತ ಏನೂ ತರೋಕಾಗಲಿಲ್ಲ, ಹೋಗಲಿ. ನೀನು ಐದು ಮಾಡಿದೆ! ಆ ಹಾಳು ಹಂದಿ ಡಬ್ಬ ನಮ್ಮನೆಗೇ ಎರಡು ಸಲ ಬಂದು ಹೋಯ್ತು. ಈಗ ತಿಂದು ತೊಳೆದಿಟ್ಟ ಆ ಹದಿನಾಲ್ಕಕ್ಕೇ ತುಂಬಿಸೋಕೆ ಏನೂ ಇಲ್ಲ. ತಿಂದರೆ ತಾನೆ ಮತ್ತೆ ತುಂಬಿಸಬೇಕು? ಅದಕ್ಕೇ ತಿನ್ನಲಿಲ್ಲ."

ದೊಕ್ಸಿಮ್ ಬೋರಲು ಹಾಕಿದ ಡಬ್ಬಿಗಳ ಮುಂದೆ ಕೂತಳು. ಅಮ್ಮ ಹೇಳಿಕೊಟ್ಟಿರಲಿಲ್ಲವೇ? ಒಲೆಗೆ ಇದ್ದಿಲೂ ಇಲ್ಲದ ಒಂದು ಚಳಿಗಾಲದಲ್ಲಿ, ಇದೇ ಮಲ್ಸುನ್ ಕೊಟ್ಟ ಬೋಗುಣಿಯಲ್ಲಿ ಮನೆಯಲ್ಲಿದ್ದ ಕೊನೆಯ ಎರಡು ಆಲೂಗಡ್ಡೆ ಇಟ್ಟು, ಬಟ್ಟೆ ಮುಚ್ಚಿ, ಎಂಟು ವರ್ಷದ ದೊಕ್ಸಿಮ್‌ಳ ಕೈಗೆ ಅಮ್ಮ ಕೊಟ್ಟು ಕಳಿಸಿದ್ದಳು. ಆ ರಾತ್ರಿ ಅವರು ಬಿಸಿನೀರು ಕುಡಿದು ಮಲಗಿದ್ದರು. ಅಷ್ಟು ಚೆನ್ನಾಗಿ ಗೊತ್ತಿದ್ದದ್ದು ಎಲ್ಲಿ ಹೋಯಿತು? ಇಪ್ಪತ್ತೇಳು ವರ್ಷ ಕಿಟಕಿಯಲ್ಲಿ ನಿಂತು ಖಾಲಿ ತಟ್ಟೆ ಎಣಿಸಿ ಎಣಿಸಿ ತೊಳೆದುಹೋಗಿತ್ತು. ಒಂಬತ್ತು ಮುದಿಜೀವಗಳ ಬಾಯಿಂದ ಗೆಣಸು, ಮೊಟ್ಟೆ ಕಿತ್ತು ತಂದು ತನ್ನ ಅಡುಗೆಮನೆಯಲ್ಲಿ ಪೇರಿಸಿಕೊಂಡು, ನನ್ನನ್ನು ಎಷ್ಟು ಪ್ರೀತಿಸುತ್ತಾರೆ ಎಂದು ಬೆನ್ನು ತಟ್ಟಿಕೊಂಡಿದ್ದಳು. ಗಂಡನನ್ನು ಉಪ್ಪಿನಲ್ಲಿ ಕಳೆದುಕೊಂಡೆ, ದೊಡ್ಡಮ್ಮನನ್ನು ಸಪ್ಪೆಯಲ್ಲಿ ಕಳೆದುಕೊಳ್ಳುವುದರಲ್ಲಿದ್ದೆ ಎಂದು ಹೆದರಿದಳು.

ಹೆದರಿದವಳು ಸುಮ್ಮನಿರಬೇಕಿತ್ತು. ಆದರೆ ಇಷ್ಟಕ್ಕೆ ಬುದ್ಧಿ ಬಂದಿದ್ದರೆ ಅವಳು ದೊಕ್ಸಿಮ್ ಹೇಗಾದಾಳು? ರಾತ್ರಿಯೆಲ್ಲ ಯೋಚಿಸಿ ಉಪಾಯ ಹೂಡಿದಳು. ಡಬ್ಬಿ ನನ್ನದಾದ್ದರಿಂದ ತಾನೇ ವಾಪಸ್ ಕೊಡುವ ತಾಪತ್ರಯ? ಅವರವರ ಪಾತ್ರೆ ಅವರವರೇ ತಂದರೆ? ಬುಧವಾರ ಬೆಳಗ್ಗೆ ಗೋಡೆಗೆ ಕಾಗದ ಅಂಟಿಸಿದಳು: 'ಹನ್ನೆರಡು ಗಂಟೆಗೆ ಪಾತ್ರೆ ತನ್ನಿ, ಊಟ ತೆಗೆದುಕೊಂಡು ಹೋಗಿ.' ಅಂಗಳದಲ್ಲಿ ದೊಡ್ಡ ಪಾತ್ರೆಯಿಟ್ಟು, ಏಪ್ರನ್ ಕಟ್ಟಿ, ಸೌಟು ಹಿಡಿದು ನಿಂತಳು. ಹನ್ನೆರಡಾಯಿತು, ಒಂದಾಯಿತು. ಓಣಿಯ ಬೆಕ್ಕೊಂದು ಬಂದು ಮೂಸಿ, ಅದೂ ಮೂಗು ಮುರಿದು ಹೋಯಿತು. ಎರಡಕ್ಕೆ ಪಾಂದೊಲ್ ತಾತ ಬರಿಗೈಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತ.

"ಪಾತ್ರೆ ಎಲ್ಲಣ್ಣಾ?"

"ಯುದ್ಧದ ಕಾಲದಲ್ಲಿ ಇದೇ ಬೆಟ್ಟದ ಕೆಳಗೆ ಡಬ್ಬ ಹಿಡ್ಕೊಂಡು ಗಂಜಿಗೆ ನಿಂತಿದ್ದೆ. ಆರು ವರ್ಷ ಆಗ ನನಗೆ. ಮುಂದಿದ್ದೋನು ಕಾಲು ತುಳಿದ ನೋವು ಇವತ್ತಿಗೂ ಇದೆ. ಇನ್ನೊಂದು ಸಲ ಪಾತ್ರೆ ಹಿಡ್ಕೊಂಡು ಸಾಲಲ್ಲಿ ನಿಲ್ಲಲ್ಲಮ್ಮ, ನೀನು ಚಿನ್ನ ಹಂಚಿದ್ರೂ."

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ದೊಕ್ಸಿಮ್ ಕಾಗದ ಕಿತ್ತಳು. ಆ ಸಾರನ್ನು ಎರಡು ದಿನ ಮೂರು ಹೊತ್ತೂ ಒಬ್ಬಳೇ ತಿಂದಳು. ಮಾಡಿದ್ದುಣ್ಣೋ ಮಹರಾಯ ಎಂಬ ಗಾದೆ ಇಷ್ಟು ಅಕ್ಷರಶಃ ಯಾರಿಗೂ ಒದಗಿರಲಾರದು. ಎರಡನೆಯ ದಿನ ಅವಳಿಗೆ ತಿಳಿಯಿತು, ಆ ಸಾರು ನಿಜಕ್ಕೂ ಪಾತ್ರೆ ತೊಳೆದ ನೀರಿನ ಹಾಗೇ ಇತ್ತು.

ಮೂರನೆಯ ದಿನ ಅದೇ ಸಾರಿನ ಒಂದು ಬಟ್ಟಲು ಹಿಡಿದು ಮಲ್ಸುನಜ್ಜಿಯ ಮನೆಗೆ ಹೋದಳು. ಅಜ್ಜಿ ತಾರಸಿಯ ಮೇಲೆ ತನ್ನ ಮೂರು ಜಾಡಿಗಳ ನಡುವೆ ಬಿಸಿಲಿಗೆ ಕೂತಿದ್ದಳು. ಅವುಗಳಲ್ಲಿ ಇದ್ದದ್ದು ಜಾಂಗ್, ಸೋಯಾಕಾಳು ಬೇಯಿಸಿ ಕುಟ್ಟಿ ಉಪ್ಪು ಬೆರೆಸಿ ವರ್ಷಗಟ್ಟಲೆ ಹುಳಿಸಿದ್ದು. ನಮ್ಮ ಓಣಿಯಲ್ಲಿ ಅಕ್ಕಿ ಮುಗಿದ ಮನೆ ಉಂಟು, ಜಾಂಗ್ ಜಾಡಿ ಬರಿದಾದ ಮನೆ ಇಲ್ಲ.

"ಬಟ್ಟಲು ಇಲ್ಲೇ ತಿಂದು ಇಲ್ಲೇ ಕೊಡಿ ದೊಡ್ಡಮ್ಮ. ನಾನು ಕೈಯಲ್ಲೇ ಹಿಡ್ಕೊಂಡಿರ್ತೀನಿ, ತುಂಬಿಸೋ ಮಾತೇ ಬೇಡ" ಎಂದು ದೊಕ್ಸಿಮ್ ಅಂಗಲಾಚಿದಳು.

ಅಜ್ಜಿ ಒಂದು ಗುಟುಕು ಕುಡಿದು ಮುಖ ಕಿವುಚಿದಳು. ಜಾಡಿಯ ಮುಚ್ಚಳ ಎತ್ತಿ, ಚಮಚದ ತುದಿಯಲ್ಲಿ ಕಡುಗಂದು ಜಾಂಗ್ ತೆಗೆದು ಬಟ್ಟಲಿಗೆ ಹಾಕಿ ಕದಡಿದಳು. ಮತ್ತೆ ಕುಡಿದಳು. ತಲೆ ಎತ್ತದೆ ಕುಡಿದಳು. ತಳದ ಸೊಪ್ಪನ್ನೂ ಬೆರಳಿನಿಂದ ತೆಗೆದು ತಿಂದಳು. ದೊಕ್ಸಿಮ್ ಬಟ್ಟಲನ್ನೇ ನೋಡುತ್ತಿದ್ದಳು. ಕತ್ತಿನಲ್ಲಿದ್ದ ಮೀಟರಿಗೆ ಅವಳ ಕೈ ಅಭ್ಯಾಸದಿಂದ ಹೋಯಿತು, ಹೋದ ಕೈಯನ್ನು ಅವಳು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು.

ಮಾರನೆಯ ದಿನ ಅವಳು ಅಮ್ಮನ ಕಾಲದ ಒಂದು ಪಿಂಗಾಣಿ ಬೋಗುಣಿ ಹಿಡಿದು ಮೊದಲು ಮಲ್ಸುನಜ್ಜಿಯ ಮನೆಗೆ, ಆಮೇಲೆ ಪಾಂದೊಲ್ ತಾತನ ಬಾಗಿಲಿಗೆ ಹೋದಳು.

"ಅಣ್ಣಾ, ಒಂದು ಚಮಚ ಜಾಂಗ್ ಕೊಡ್ತೀರಾ? ನಂದು ಅಂಗಡಿಯದು. ಸಾರಿಗೆ ರುಚಿಯೇ ಹತ್ತಲ್ಲ."

ತಾತ ಬಾಗಿಲಿನ ಎರಡೂ ಕಡೆ ಕೈಯಿಟ್ಟು ಓಣಿಗೆಲ್ಲ ಕೇಳುವಂತೆ ಕೂಗಿದ. "ಕೇಳಿಸ್ಕೊಂಡ್ರೇನ್ರೋ! ಉಪ್ಪಿನ ಇನ್ಸ್‌ಪೆಕ್ಟರ್ ಭಿಕ್ಷೆಗೆ ಬಂದಿದ್ದಾಳೆ! ಸಪ್ಪೆ ಅಂತ ಒಪ್ಕೊಂಡಿದ್ದಾಳೆ!" ಆಮೇಲೆ ದನಿ ತಗ್ಗಿಸಿ, "ಪಾಪ, ಆ ಶಾಲೆ ಮಕ್ಕಳು. ಇಪ್ಪತ್ತೇಳು ವರ್ಷ" ಎಂದು ಲೊಚಗುಟ್ಟುತ್ತ ಚಮಚವಲ್ಲ, ಒಂದು ಸೌಟೇ ಹಾಕಿದ. ಸತ್ತ ಹೆಂಡತಿ ಹಾಕಿಟ್ಟಿದ್ದ ಜಾಂಗ್ ಅದು, ಯಾರಿಗೂ ಕೊಟ್ಟಿರಲಿಲ್ಲ. ಒಂಬತ್ತು ಮನೆ ತಿರುಗುವಷ್ಟರಲ್ಲಿ ಅರ್ಧ ದಿನವಾಯಿತು. ಒಬ್ಬೊಬ್ಬರೂ ತಮ್ಮ ಜಾಂಗ್ ಯಾವ ವರ್ಷದ್ದು, ಪಕ್ಕದ ಮನೆಯದು ಯಾಕೆ ಕಹಿ ಎಂದು ಹೇಳದೆ ಅವಳನ್ನು ಬಿಡಲಿಲ್ಲ. ಎಲ್ಲರಿಗೂ ಅವಳು ತಲೆಬಾಗಿ, ಎರಡು ಕೈಯಲ್ಲಿ ಬೋಗುಣಿ ಒಡ್ಡಿ, "ಹೌದು, ನನಗೆ ಗೊತ್ತಿರಲಿಲ್ಲ" ಎಂದಳು. ಜನ್ಮದಲ್ಲಿ ಅಷ್ಟು ಸಲ ಆ ಮಾತನ್ನು ಅವಳು ಆಡಿದ್ದೇ ಇಲ್ಲ.

ಒಂಬತ್ತು ಬಣ್ಣದ ಜಾಂಗ್ ಒಂದೇ ಪಾತ್ರೆಗೆ ಬಿತ್ತು. ಒಣಗಿಸಿದ ಮೂಲಂಗಿ ಸೊಪ್ಪು ಬೆಂದಿತು. ಮೀಟರ್ ಅದ್ದಿದರೆ ಪಾಯಿಂಟ್ ಒಂಬತ್ತು. ಇನ್ನೆರಡು ಕಟ್ಟು ಸೊಪ್ಪು, ನಾಲ್ಕು ಮೂಲಂಗಿ, ಎರಡು ಗಟ್ಟಿ ಟೋಫು ಹಾಕಿದಳು, ನೀರು ಸುರಿದಳು. ಪಾಯಿಂಟ್ ಏಳು. ಸತ್ತ ಗಂಡನನ್ನು ನೆನೆದು, "ನೀವಾದ್ರೂ ಹೇಳಿ, ಇಷ್ಟು ಸಾಕಾ?" ಎಂದು ಒಲೆಯ ಮುಂದೆ ನಿಂತು ಕೇಳಿದಳು. ಆ ಮನುಷ್ಯ ಯಾವತ್ತು ತಾನೆ ಸಾಲದು ಎಂದಿದ್ದ? ಮೀಟರನ್ನು ಮಗುಚಿ ಇಟ್ಟು ಡಬ್ಬಿ ತುಂಬಿದಳು. ಪ್ರತಿ ಮನೆಗೆ ಒಂದೇ ಡಬ್ಬಿ ಕೊಟ್ಟು ಬಂದಳು.

ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಅಂಗಳ ಗುಡಿಸುತ್ತಿರುವಾಗ ಮೆಟ್ಟಿಲ ಮೇಲೆ ಸದ್ದಾಯಿತು. ಮಲ್ಸುನಜ್ಜಿ ಒಂದೊಂದೇ ಮೆಟ್ಟಿಲಿಗೆ ಕೂತು ಕೂತು, ಮಡಿಲಲ್ಲಿ ಬಟ್ಟೆಯ ಗಂಟಿಟ್ಟುಕೊಂಡು ಇಳಿದು ಬರುತ್ತಿದ್ದಳು. ಗಂಟು ಕಂಡು ದೊಕ್ಸಿಮ್ ಪೊರಕೆ ಬಿಟ್ಟು ಓಡಿದಳು. ಮತ್ತೆ ಮೊಟ್ಟೆಯೋ, ಕಿತ್ತಳೆಯೋ, ಆ ಹಾಳು ಹಂದಿ ಡಬ್ಬವೋ? ಗಂಟು ಬಿಚ್ಚಿ ನೀಲಿ ಮುಚ್ಚಳ ತೆಗೆದಳು.

ಡಬ್ಬಿಯಲ್ಲಿ ಏನೂ ಇರಲಿಲ್ಲ. ತೊಳೆದು, ಒರೆಸಿ, ಒಣಗಿಸಿದ ಬರಿಯ ಡಬ್ಬಿ.

"ಏನೇ ಹಂಗೆ ನೋಡ್ತೀಯ? ಒಳಗಿದ್ದಿದ್ದು ನನ್ನ ಜಾಂಗ್ ತಾನೆ?" ಎಂದಳು ಅಜ್ಜಿ, ಏದುಸಿರು ಬಿಡುತ್ತ. "ನಂದು ನಾನು ತಿಂದೆ. ಯಾರಿಗೆ ತುಂಬಿಸಿ ಕೊಡಲಿ?"

ದೊಕ್ಸಿಮ್ ಖಾಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಶಾಲೆಯ ಕಿಟಕಿಯಲ್ಲಿ ನಿಂತವಳಂತೆ ಅದರ ತಳವನ್ನೇ ನೋಡಿದಳು. ಕಣ್ಣು ತುಂಬಿ ತಳ ಕಾಣದಾಯಿತು. ಎಂಬತ್ತನಾಲ್ಕರ ಹೆಂಗಸಿಗೆ, ಅಮ್ಮನ ಸಮಾನಳಾದವಳಿಗೆ, "ಶಭಾಷ್" ಎಂಬ ಮಾತು ಬಾಯಿಂದ ಜಾರಿಯೇ ಬಿಟ್ಟಿತು.

"ಶಭಾಷ್ ಆಮೇಲೆ ಹೇಳುವಂತೆ," ಎಂದು ಅಜ್ಜಿ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು. "ಪೂರ್ತಿ ಖಾಲಿ ಮಾಡಿದೋರಿಗೆ ಇನ್ನೊಂದು ಸೌಟು ಹಾಕೋ ಪದ್ಧತಿ ನಿಮ್ಮ ಶಾಲೇಲಿ ಇರಲಿಲ್ವಾ?"